ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಎಡಿಎಚ್‌ಡಿ: ಆರೋಗ್ಯದ ಮಾಹಿತಿ ಕಲೆಹಾಕಲು ಯಾವ ದಾರಿ ಹಿಡಿಯಬೇಕು?

ಪೋಷಕರ ಸಂಘವೋ, ವಿಶೇಷ ಶಾಲೆಯೋ, ಸಮಾಜಕಾರ್ಯ ಓದುವ ಹುಡುಗರೋ ಇಂಥವರ ಮಾಹಿತಿ ಕಲೆಹಾಕಲು ಹೊರಟರೆ ಮೊದಲು ತಯಾರಾಗುವುದು ಒಂದು ಗೂಗಲ್ ಫಾರಂ. ಹೆಸರು, ವಯಸ್ಸು, ಅಂಗವೈಕಲ್ಯದ ಬಗೆ, ಶೇಕಡಾ ಎಷ್ಟು, ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ನಂಬರ್, ಫೋನ್ ನಂಬರ್. ಅಲ್ಲಿಗೆ ಮುಗಿಯಿತು. ಫಿಟ್ಸ್ ಬರುತ್ತದಾ, ಕೊನೆಯ ಸಲ ಹಲ್ಲು ತೋರಿಸಿದ್ದು ಯಾವಾಗ, ರಾತ್ರಿ ನಿದ್ದೆ ಹೇಗೆ, ಯಾವ ಮಾತ್ರೆ ಎಷ್ಟು ವರ್ಷದಿಂದ ನಡೆಯುತ್ತಿದೆ ಎಂದು ಯಾರೂ ಕೇಳಿರುವುದಿಲ್ಲ. ಎಷ್ಟು ಜನ ಇದ್ದಾರೆ ಎಂದು ಗೊತ್ತಾಗುತ್ತದೆ. ಅವರು ಹೇಗಿದ್ದಾರೆ ಎಂದು ಗೊತ್ತಾಗುವುದಿಲ್ಲ.

ಈ ಬರಹ ಆ ಎರಡನೆಯ ಪ್ರಶ್ನೆಗಾಗಿ. ಮಾಹಿತಿ ಕಲೆಹಾಕುವ ದಾರಿ ಹಲವು ಇವೆ. ಒಂದೊಂದಕ್ಕೂ ಒಂದೊಂದು ಶಕ್ತಿ ಇದೆ, ಒಂದೊಂದರಲ್ಲೂ ಯಾರೋ ಒಬ್ಬರು ತಪ್ಪಿಹೋಗುತ್ತಾರೆ.

ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಒಂದು ತಾಲ್ಲೂಕಿನ ಮಟ್ಟದಲ್ಲಿ, ಕಡಿಮೆ ದುಡ್ಡಿನಲ್ಲಿ ಕೆಲಸ ಮಾಡುವ ಗುಂಪು ನೀವಾದರೆ ಒಂದು ರಿಜಿಸ್ಟರ್ ಇಡಿ, ಅದರ ಜೊತೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಿ. ಜಿಲ್ಲೆಯಲ್ಲಿ ಎಷ್ಟು ಜನರಿಗೆ ಈ ಸ್ಥಿತಿ ಇರಬಹುದು ಎಂಬುದು ನಿಮ್ಮ ಪ್ರಶ್ನೆಯಾದರೆ ಸಮೀಕ್ಷೆಯೇ ಬೇಕು. ಆದರೆ ಅದಕ್ಕೆ ಒಂದು ಮೆಡಿಕಲ್ ಕಾಲೇಜಿನ ಬೆಂಬಲ ಇಲ್ಲದೆ ಕೈಹಾಕಬೇಡಿ. ನಮ್ಮವರು ಯಾಕೆ ಬೇಗ ಸಾಯುತ್ತಿದ್ದಾರೆ ಎಂದು ತಿಳಿಯಬೇಕಾದರೆ ಪ್ರತಿ ಸಾವನ್ನೂ ಕೂತು ಪರಿಶೀಲಿಸಬೇಕು. ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ, ಚಟುವಟಿಕೆ ಮಿತಿಮೀರುವ ಸ್ಥಿತಿಗೆ, ಮಾತ್ರ ಲೆಕ್ಕಾಚಾರ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಒಂದು ಎಚ್ಚರಿಕೆ ಇಲ್ಲೇ ಬೇಕು. ಮುಂದೆ ಬರುವ ಇಂಗ್ಲೆಂಡಿನ ಅಂಕಿಗಳನ್ನು ಓದುವಾಗ ನೆನಪಿರಲಿ, ಅಲ್ಲಿ ಲರ್ನಿಂಗ್ ಡಿಸಬಿಲಿಟಿ ಎಂದರೆ ನಾವು ಬೌದ್ಧಿಕ ಅಂಗವೈಕಲ್ಯ ಎನ್ನುವ ಸ್ಥಿತಿ. ನಮ್ಮಲ್ಲಿ ಅದೇ ಹೆಸರು ಓದು ಬರಹ ತೊಡಕಾಗುವ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗೆ ಇದೆ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕಿದರೆ ಇಡೀ ವರದಿ ಕೆಡುತ್ತದೆ.

ಈಗಾಗಲೇ ಇರುವ ಸರ್ಕಾರಿ ಅಂಕಿಗಳು

ಇದು ಎಲ್ಲಕ್ಕಿಂತ ಸುಲಭದ ದಾರಿ. ಖರ್ಚಿಲ್ಲ, ಯಾರ ಮನೆ ಬಾಗಿಲನ್ನೂ ತಟ್ಟಬೇಕಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರು, ಅಂದರೆ ಜನಸಂಖ್ಯೆಯ ಶೇ. 2.21. ಕರ್ನಾಟಕದಲ್ಲಿ 13.24 ಲಕ್ಷ. ಬುದ್ಧಿಮಾಂದ್ಯತೆ (ಬೌದ್ಧಿಕ ಅಂಗವೈಕಲ್ಯಕ್ಕೆ ಆಗಿನ ಹೆಸರು) ಎಂಬ ಕಾಲಂನಲ್ಲಿ ದೇಶದಾದ್ಯಂತ ಸುಮಾರು 15 ಲಕ್ಷ ಜನ. ಆಟಿಸಂಗೆ ಪ್ರತ್ಯೇಕ ಕಾಲಂ ಇರಲಿಲ್ಲ. 'ಇತರೆ' ಎಂಬ ಕಾಲಂನಲ್ಲಿ ಮಾತ್ರ 49 ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ಅವರಲ್ಲಿ ಯಾರಿಗೆ ಏನಾಗಿತ್ತು ಎಂದು ಆ ಅಂಕಿಯಿಂದ ಬಿಡಿಸಿ ಹೇಳಲು ಆಗುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21 ಸ್ಥಿತಿಗಳಿಗೆ ಹಿಗ್ಗಿಸಿತು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ ಮೂರೂ ಅದರಲ್ಲಿವೆ. ಎಡಿಎಚ್‌ಡಿ ಇಲ್ಲ. ಹಾಗಾಗಿ ಯುಡಿಐಡಿಯ ಅಂಕಿಗಳಲ್ಲಿ ಎಡಿಎಚ್‌ಡಿ ಹುಡುಕಿ ಪ್ರಯೋಜನವಿಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡುವುದು 8 ವರ್ಷದ ಮೇಲೆ, ಆದ್ದರಿಂದ ಚಿಕ್ಕ ಮಕ್ಕಳು ಅಲ್ಲೂ ಸಿಗುವುದಿಲ್ಲ. ಇನ್ನೊಂದು ಮಾತು: ಯುಡಿಐಡಿ ಕಾರ್ಡ್ ಮಾಡಿಸಿಕೊಂಡವರ ಲೆಕ್ಕ ಅದು. ಜಿಲ್ಲಾಸ್ಪತ್ರೆಗೆ ನಾಲ್ಕು ಸಲ ಓಡಾಡಲು ಕೂಲಿ ಬಿಡಲಾಗದ ಮನೆಯವರು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಈ ಎಲ್ಲ ಅಂಕಿಗಳೂ ಸೌಲಭ್ಯಕ್ಕಾಗಿ ಎಣಿಸಿದವು. ಆರೋಗ್ಯ ಅಳೆಯುವ ದೊಡ್ಡ ಸಮೀಕ್ಷೆ ಬೇರೆ ಇದೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ತೂಕ, ಎತ್ತರ, ಬಿಪಿ, ಸಕ್ಕರೆ ಎಲ್ಲವನ್ನೂ ಅದರಲ್ಲಿ ನೋಡುತ್ತಾರೆ. ಅದರ ಐದನೇ ಸುತ್ತಿನಲ್ಲಿ ಅಂಗವೈಕಲ್ಯದ ಪ್ರಶ್ನೆ ಇತ್ತು. ಆರನೇ ಸುತ್ತಿನಲ್ಲಿ ಅದನ್ನು ಕೈಬಿಟ್ಟರು, ಅಂಗವಿಕಲರ ಸಂಘಟನೆಗಳು 2023ರಲ್ಲಿ ಅದಕ್ಕೆ ಬಲವಾಗಿ ಆಕ್ಷೇಪ ಎತ್ತಿದವು. ಆ ಆಕ್ಷೇಪ ನ್ಯಾಯವಾದದ್ದು. ಒಬ್ಬ ವ್ಯಕ್ತಿಯ ಅಂಗವೈಕಲ್ಯ ಮತ್ತು ಅವರ ಆರೋಗ್ಯ ಒಂದೇ ಕಡತದಲ್ಲಿ ಸೇರಬಹುದಾಗಿದ್ದ ಜಾಗ ಅದು.

ಸರ್ಕಾರಿ ಅಂಕಿಯನ್ನು ಎಲ್ಲಿ ಬಳಸಬೇಕು? ಮನವಿ ಬರೆಯುವಾಗ, ಅನುದಾನ ಕೇಳುವಾಗ. ನಿಮ್ಮ ಊರಿನಲ್ಲಿ ಯಾರ ಆರೋಗ್ಯ ಹೇಗಿದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಮನೆ ಮನೆ ಸಮೀಕ್ಷೆ

ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇನ್‌ಕ್ಲೆನ್ ಎಂಬ ವೈದ್ಯಕೀಯ ಸಂಶೋಧಕರ ತಂಡ ಮಾಡಿದ ಅಧ್ಯಯನ, 2018ರಲ್ಲಿ ಪ್ರಕಟವಾಯಿತು. ಪಲ್ವಲ್, ಕಾಂಗ್ರಾ, ಧೇಂಕನಾಲ್, ಉತ್ತರ ಗೋವಾ, ಹೈದರಾಬಾದ್ ಈ ಐದು ಕಡೆ 2ರಿಂದ 9 ವರ್ಷದ ಸುಮಾರು 4,000 ಮಕ್ಕಳನ್ನು ನೋಡಿದರು. ಕೇಳುವಿಕೆ, ಫಿಟ್ಸ್, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಚಲನೆ ಕಷ್ಟವಾಗುವುದು), ಆಟಿಸಂ, ಎಡಿಎಚ್‌ಡಿ, ಕಲಿಕಾ ನ್ಯೂನತೆ ಎಲ್ಲ ಸೇರಿ ಹೆಚ್ಚುಕಡಿಮೆ ಎಂಟರಲ್ಲಿ ಒಂದು ಮಗುವಿಗೆ ಏನಾದರೊಂದು ಬೆಳವಣಿಗೆಯ ತೊಂದರೆ ಕಂಡಿತು. ಒಂದು ತೊಂದರೆ ಇದ್ದ ಮಗುವಿಗೆ ಇನ್ನೊಂದೂ ಇರುವುದು ಸಾಮಾನ್ಯ ಎಂದೂ ಅದು ತೋರಿಸಿತು. ನಿಮ್ಮ ಫಾರಂನಲ್ಲಿ 'ಯಾವುದಾದರೂ ಒಂದಕ್ಕೆ ಟಿಕ್ ಮಾಡಿ' ಎಂದಿದ್ದರೆ ಈಗಲೇ ತಿದ್ದಿ.

ಇಂಗ್ಲೆಂಡಿನ 2007ರ ವಯಸ್ಕರ ಮಾನಸಿಕ ಆರೋಗ್ಯ ಸಮೀಕ್ಷೆಯಿಂದ ಕಲಿಯುವುದು ಇನ್ನೂ ಇದೆ. ಮೊದಲ ಹಂತದಲ್ಲಿ 7,400ಕ್ಕೂ ಹೆಚ್ಚು ವಯಸ್ಕರಿಗೆ ಪ್ರಶ್ನಾವಳಿ ಕೊಟ್ಟರು. ಎರಡನೇ ಹಂತದಲ್ಲಿ ಅವರಲ್ಲಿ 618 ಜನರನ್ನು ತಜ್ಞರು ಮುಖಾಮುಖಿ ಕೂರಿಸಿ ಪರೀಕ್ಷಿಸಿದರು. ವಯಸ್ಕರಲ್ಲಿ ಸುಮಾರು ಶೇ. 1 ಜನರಿಗೆ ಆಟಿಸಂ ಇದೆ ಎಂದು ಅದರಿಂದ ಲೆಕ್ಕ ಸಿಕ್ಕಿತು. ಆ ಪರೀಕ್ಷೆಯಲ್ಲಿ ಗುರುತಾದವರಲ್ಲಿ ಒಬ್ಬರಿಗೂ ತಮಗೆ ಆಟಿಸಂ ಇರುವುದು ಮೊದಲೇ ಗೊತ್ತಿರಲಿಲ್ಲ. ಬರೀ ಆಸ್ಪತ್ರೆಯ ದಾಖಲೆ ನಂಬಿದ್ದರೆ ಇವರು ಯಾರೂ ಕಾಣುತ್ತಿರಲಿಲ್ಲ, ಅಲ್ವಾ? ಆದರೆ ಆ ಸಮೀಕ್ಷೆಯೂ ಕೆಲವರನ್ನು ಬಿಟ್ಟಿತ್ತು: ವಸತಿ ಕೇಂದ್ರಗಳಲ್ಲಿ ಇರುವವರು, ಪ್ರಶ್ನೆಗೆ ತಾವೇ ಉತ್ತರ ಕೊಡಲಾಗದವರು. ಅವರಿಗಾಗಿಯೇ ಆಮೇಲೆ ಇನ್ನೊಂದು ಅಧ್ಯಯನ ಮಾಡಬೇಕಾಯಿತು.

ಸಮೀಕ್ಷೆಯ ನಿಜವಾದ ಖರ್ಚು ಎರಡನೇ ಹಂತದಲ್ಲಿ ಬರುತ್ತದೆ. ಪ್ರಶ್ನಾವಳಿ ತುಂಬಿಸುವ ಕೆಲಸವನ್ನು ಆಶಾ ಕಾರ್ಯಕರ್ತೆಯರೋ ವಿದ್ಯಾರ್ಥಿಗಳೋ ಮಾಡಬಹುದು. ಅನುಮಾನ ಬಂದ ಪ್ರತಿ ಮಗುವನ್ನೂ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮಕ್ಕಳ ವೈದ್ಯರು ನೋಡಲೇಬೇಕು. ಅವರಿಗೆ ಸಮಯ ಇಲ್ಲದಿದ್ದರೆ ಸಮೀಕ್ಷೆ ಮೊದಲ ಹಂತದಲ್ಲೇ ನಿಲ್ಲುತ್ತದೆ. ಅಲ್ಲಿ ನಿಂತ ಸಮೀಕ್ಷೆ 'ನಿಮ್ಮ ಮಗುವಿಗೆ ಏನೋ ಇರಬಹುದು' ಎಂಬ ಭಯವನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರುತ್ತದೆ.

ಪ್ರಶ್ನೆಗಳನ್ನು ಹೊಸದಾಗಿ ಬರೆಯಲು ಹೋಗಬೇಡಿ. ಅಂಗವೈಕಲ್ಯದ ಅಂಕಿಅಂಶಗಳಿಗಾಗಿ ಇರುವ ವಾಷಿಂಗ್ಟನ್ ಗ್ರೂಪ್ ಎಂಬ ಅಂತರರಾಷ್ಟ್ರೀಯ ಗುಂಪಿನ ಆರು ಪ್ರಶ್ನೆಗಳ ಚಿಕ್ಕ ಪಟ್ಟಿ ಬಹಳ ಕಡೆ ಬಳಕೆಯಲ್ಲಿದೆ, ಆದರೆ ನೋಡುವುದು, ಕೇಳುವುದು, ನಡೆಯುವುದರ ಸುತ್ತ ಇರುವ ಆ ಪಟ್ಟಿಯಲ್ಲಿ ಆಟಿಸಂ ಇರುವ ಎಷ್ಟೋ ಜನ ಜಾರಿಹೋಗುತ್ತಾರೆ. ಮಕ್ಕಳಿಗಾದರೆ ಯುನಿಸೆಫ್ ಜೊತೆಗೂಡಿ ಮಾಡಿದ 2016ರ ಪ್ರಶ್ನಾವಳಿ ವಾಸಿ. ಗೆಳೆತನ, ಗಮನ, ಬದಲಾವಣೆಯನ್ನು ಒಪ್ಪಿಕೊಳ್ಳುವುದು, ನಡವಳಿಕೆ ಇವೆಲ್ಲ ಅದರಲ್ಲಿ ಬರುತ್ತವೆ.

ರಿಜಿಸ್ಟರ್ ಮತ್ತು ವರ್ಷದ ತಪಾಸಣೆ

ನನ್ನ ಒಲವು ಇದರ ಕಡೆ. ಯಾಕೆಂದರೆ ಇದರಲ್ಲಿ ಮಾಹಿತಿ ಕೊಟ್ಟ ವ್ಯಕ್ತಿಗೆ ಅದೇ ದಿನ ಏನಾದರೂ ಸಿಗುತ್ತದೆ.

ಇಂಗ್ಲೆಂಡಿನಲ್ಲಿ ಪ್ರತಿಯೊಬ್ಬರಿಗೂ ಒಂದು ಜಿಪಿ, ಅಂದರೆ ಕುಟುಂಬ ವೈದ್ಯರ ಕ್ಲಿನಿಕ್, ಇರುತ್ತದೆ. 2006ರಿಂದ ಆ ಕ್ಲಿನಿಕ್‌ಗಳು ಬೌದ್ಧಿಕ ಅಂಗವೈಕಲ್ಯ ಇರುವವರ ಪಟ್ಟಿ ಇಡುತ್ತಿವೆ. 14 ವರ್ಷ ದಾಟಿದ ಎಲ್ಲರಿಗೂ ವರ್ಷಕ್ಕೊಮ್ಮೆ ತಪಾಸಣೆ ಉಂಟು. ಪಟ್ಟಿಯಲ್ಲಿರುವವರಲ್ಲಿ ಕನಿಷ್ಠ ಶೇ. 75 ಜನರಿಗೆ ತಪಾಸಣೆ ಆಗಬೇಕು ಎಂದು 2019ರಲ್ಲಿ ಗುರಿ ಇಟ್ಟರು. ಇದರ ಕೊರತೆಯೂ ಅಷ್ಟೇ ದೊಡ್ಡದು. ಜನಸಂಖ್ಯೆಯ ಸುಮಾರು ಶೇ. 2 ಜನರಿಗೆ ಬೌದ್ಧಿಕ ಅಂಗವೈಕಲ್ಯ ಇದೆ ಎಂಬ ಅಂದಾಜು ಇದ್ದರೆ, ಪಟ್ಟಿಯಲ್ಲಿ ಇರುವವರು ಶೇ. 0.5ರ ಆಸುಪಾಸು. ಸೌಮ್ಯ ಪ್ರಮಾಣದ ತೊಂದರೆ ಇರುವವರು ಶಾಲೆ ಬಿಟ್ಟ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಿದ್ದೂ ಈ ಪಟ್ಟಿ ಎಷ್ಟು ಮುಖ್ಯ ಎಂದು ಕೋವಿಡ್ ತೋರಿಸಿತು. ಮೊದಲ ಅಲೆಯಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರ ಸಾವಿನ ಪ್ರಮಾಣ ಉಳಿದವರಿಗಿಂತ ಕನಿಷ್ಠ 4 ಪಟ್ಟು, ವರದಿಯಾಗದ ಸಾವುಗಳನ್ನೂ ಅಂದಾಜು ಮಾಡಿದರೆ 6 ಪಟ್ಟಿನವರೆಗೆ ಇತ್ತು ಎಂದು 2020ರ ನವೆಂಬರ್‌ನಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹೇಳಿತು. 2021ರ ಫೆಬ್ರವರಿಯಲ್ಲಿ, ಈ ಪಟ್ಟಿಯಲ್ಲಿರುವ ಎಲ್ಲರಿಗೂ ಆದ್ಯತೆಯ ಮೇಲೆ ಲಸಿಕೆ ಕೊಡಿ ಎಂಬ ತೀರ್ಮಾನ ಬಂತು. ಹೆಸರು ಇದ್ದವರಿಗೆ ಬೇಗ ಸೂಜಿ ಸಿಕ್ಕಿತು. ಇಲ್ಲದವರು ಕಾಯಬೇಕಾಯಿತು.

ನಮ್ಮಲ್ಲಿ ಅಂಥ ಕುಟುಂಬ ವೈದ್ಯರ ವ್ಯವಸ್ಥೆ ಇಲ್ಲ. ಒಂದು ಸಲ ಸರ್ಕಾರಿ ಆಸ್ಪತ್ರೆ, ಇನ್ನೊಂದು ಸಲ ಪ್ರೈವೇಟ್ ಕ್ಲಿನಿಕ್, ಮತ್ತೊಂದು ಸಲ ನಿಮ್ಹಾನ್ಸ್. ಚೀಟಿಗಳೆಲ್ಲ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ. ಆದ್ದರಿಂದ ಇಲ್ಲಿ ರಿಜಿಸ್ಟರ್ ಎರಡು ಕಡೆ ಇರಬೇಕು. ಗುಂಪಿನ ಹತ್ತಿರ ಒಂದು ಪಟ್ಟಿ, ಮನೆಯವರ ಕೈಯಲ್ಲಿ ಒಂದು ಪುಸ್ತಕ. ಗರ್ಭಿಣಿಯರ ತಾಯಿ ಕಾರ್ಡ್ ಎಲ್ಲರಿಗೂ ಗೊತ್ತಿದೆಯಲ್ಲ, ಅದೇ ಮಾದರಿ. ಯಾವ ಆಸ್ಪತ್ರೆಗೆ ಹೋದರೂ ಪುಸ್ತಕ ಜೊತೆಗೆ ಹೋಗುತ್ತದೆ.

ಹೆಸರು ಸೇರಿಸಲು ಒಳ್ಳೆಯ ಬಾಗಿಲುಗಳು ನಮ್ಮಲ್ಲೇ ಇವೆ. ಅಂಗನವಾಡಿ, ಶಾಲೆ, ಆಶಾ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು), ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು). ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಮಕ್ಕಳನ್ನು ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, 18 ವರ್ಷದವರೆಗಿನವರ ಬೆಳವಣಿಗೆಯ ತೊಂದರೆಗಳೂ ಅದರ ವ್ಯಾಪ್ತಿಯಲ್ಲಿವೆ. ಸಿಗದೇ ಹೋಗುವವರು ದೊಡ್ಡವರು. 35 ವರ್ಷದ ಮಗಳನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವ ವಯಸ್ಸಾದ ತಾಯಿಯ ಮನೆಗೆ ನೀವಾಗಿಯೇ ಹೋಗಬೇಕು. ಅವರು ಸಭೆಗೆ ಬರಲಾರರು.

ತಪಾಸಣೆಯಲ್ಲಿ ಏನೇನು ಬರೆದುಕೊಳ್ಳಬೇಕು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಫಿಟ್ಸ್ ಮೊದಲು. ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಫಿಟ್ಸ್ ಇರುತ್ತದೆ. ಕೊನೆಯ ಸಲ ಬಂದಿದ್ದು ಯಾವಾಗ, ಎಷ್ಟು ಹೊತ್ತು ಇತ್ತು, ಮಾತ್ರೆ ತಪ್ಪಿತ್ತಾ ಎಂದು ಬರೆಯಿರಿ. ಆಮೇಲೆ ನುಂಗುವುದು. ಊಟ ಮಾಡುವಾಗ ಕೆಮ್ಮುತ್ತಾರಾ, ಪದೇ ಪದೇ ಎದೆಯ ಸೋಂಕು ಆಗುತ್ತದಾ? ಅನ್ನ ನೀರು ಶ್ವಾಸಕೋಶಕ್ಕೆ ಹೋಗಿ ಆಗುವ ನ್ಯುಮೋನಿಯಾ ಇವರ ಸಾವಿನ ದೊಡ್ಡ ಕಾರಣಗಳಲ್ಲಿ ಒಂದು. ಮಲಬದ್ಧತೆಯನ್ನು ಹಗುರವಾಗಿ ನೋಡಬೇಡಿ. ಬಾಯಿಬಿಟ್ಟು ಹೇಳಲಾಗದವರಲ್ಲಿ ಅದು ಕರುಳು ಕಟ್ಟುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಅದರಿಂದ ಪ್ರಾಣ ಹೋದವರಿದ್ದಾರೆ. ಹಲ್ಲು, ಕಣ್ಣು, ಕಿವಿ, ತೂಕ, ಬಿಪಿ, ಸಕ್ಕರೆ, ಮುಟ್ಟು, ನಿದ್ದೆ ಇವಿಷ್ಟು ಎಲ್ಲರಿಗೂ. ಡೌನ್ ಸಿಂಡ್ರೋಮ್ ಇದ್ದರೆ ಥೈರಾಯ್ಡ್ ಮತ್ತು ಹೃದಯ. ಆಟಿಸಂ ಇದ್ದರೆ ಏನು ಮಾತ್ರ ತಿನ್ನುತ್ತಾರೆ, ಏನನ್ನು ಮುಟ್ಟುವುದೇ ಇಲ್ಲ ಎಂಬುದನ್ನೂ ಕೇಳಿ. ಆಸ್ಪತ್ರೆಯಲ್ಲಿ ಯಾವುದು ಸಹಿಸಲಾಗುವುದಿಲ್ಲ ಎಂಬುದನ್ನೂ ಬರೆದುಕೊಳ್ಳಿ: ಬೆಳಕು, ಸದ್ದು, ಮುಟ್ಟುವುದು, ಕಾಯುವುದು. ಮುಂದಿನ ಸಲ ಹೋದಾಗ ಇದು ಬಹಳ ಕೆಲಸಕ್ಕೆ ಬರುತ್ತದೆ.

ಮಾತ್ರೆಗಳ ಕಾಲಂ ತುಂಬಾ ಮುಖ್ಯ. ಇಂಗ್ಲೆಂಡಿನಲ್ಲಿ 2015ರಲ್ಲಿ ಲೆಕ್ಕ ಹಾಕಿದಾಗ, ಸರಿಯಾದ ಕಾಯಿಲೆ ಇಲ್ಲದೆಯೇ ದಿನವೂ ಮನೋರೋಗದ ಮಾತ್ರೆ ತೆಗೆದುಕೊಳ್ಳುತ್ತಿರುವ ಬೌದ್ಧಿಕ ಅಂಗವೈಕಲ್ಯದ ವಯಸ್ಕರು 30,000ದಿಂದ 35,000 ಎಂದು ತಿಳಿದುಬಂತು. ಅದನ್ನು ಕಡಿಮೆ ಮಾಡಲು 2016ರಲ್ಲಿ ಅಲ್ಲಿ ಸ್ಟಾಂಪ್ ಎಂಬ ಅಭಿಯಾನ ಶುರುವಾಯಿತು. ಮಾತ್ರೆಯ ಹೆಸರು, ಪ್ರಮಾಣ, ಯಾಕೆ ಕೊಟ್ಟರು, ಯಾರು ಕೊಟ್ಟರು, ಕೊನೆಯ ಸಲ ವೈದ್ಯರು ಅದನ್ನು ಮರುಪರಿಶೀಲಿಸಿದ್ದು ಯಾವಾಗ, ಈ ಐದೂ ಇರಲಿ. ಒಂದು ವಿಷಯ ಮನೆಯವರಿಗೆ ಸ್ಪಷ್ಟವಾಗಿ ಹೇಳಿ: ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಫಿಟ್ಸ್ ಮಾತ್ರೆಯನ್ನಂತೂ ನಿಲ್ಲಿಸಲೇಬಾರದು.

ಸಾವಿನ ಪರಿಶೀಲನೆ

ಈ ದಾರಿ ಮನಸ್ಸಿಗೆ ಕಷ್ಟ. ಅದರಿಂದ ಗೊತ್ತಾಗುವ ಸಂಗತಿಗಳು ಬೇರೆ ಯಾವ ದಾರಿಯಲ್ಲೂ ಗೊತ್ತಾಗುವುದಿಲ್ಲ.

ಆಸ್ಪತ್ರೆಗಳ ನಿರ್ಲಕ್ಷ್ಯದಿಂದ ಸತ್ತ ಬೌದ್ಧಿಕ ಅಂಗವೈಕಲ್ಯದ ಆರು ಜನರ ಬಗ್ಗೆ, ಅಂಥವರಿಗಾಗಿ ಕೆಲಸ ಮಾಡುವ ಇಂಗ್ಲೆಂಡಿನ ಮೆನ್‌ಕ್ಯಾಪ್ ಸಂಸ್ಥೆ 2007ರಲ್ಲಿ ಒಂದು ವರದಿ ತಂದಿತು. ಅದರ ನಂತರ ನಡೆದ ದೊಡ್ಡ ವಿಚಾರಣೆ 247 ಸಾವುಗಳನ್ನು ಒಂದೊಂದಾಗಿ ನೋಡಿ 2013ರಲ್ಲಿ ವರದಿ ಕೊಟ್ಟಿತು. ಬೌದ್ಧಿಕ ಅಂಗವೈಕಲ್ಯ ಇರುವ ಗಂಡಸರು ಉಳಿದವರಿಗಿಂತ 13 ವರ್ಷ, ಹೆಂಗಸರು 20 ವರ್ಷ ಮೊದಲೇ ಸಾಯುತ್ತಿದ್ದರು. 2015ರಿಂದ ಇದು ಲೆಡರ್ ಎಂಬ ಕಾಯಂ ವ್ಯವಸ್ಥೆಯಾಗಿದೆ. 2022ರಿಂದ ಆಟಿಸಂ ಇರುವ ವಯಸ್ಕರ ಸಾವನ್ನೂ ಅದರಲ್ಲಿ ನೋಡುತ್ತಾರೆ. 2021ರ ಸಾವುಗಳಲ್ಲಿ ಶೇ. 49ರಷ್ಟನ್ನು ತಪ್ಪಿಸಬಹುದಿತ್ತು ಎಂದು ಅದರ ವರದಿ ಹೇಳಿತು. ಸಾಮಾನ್ಯ ಜನರಲ್ಲಿ ಅದು ಶೇ. 22.

ಈ ಪರಿಶೀಲನೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ ಕತೆ. ಹೊಟ್ಟೆನೋವಿಗೆ ಒಬ್ಬರು ಕಿರುಚಿದರೆ 'ಅವರು ಯಾವಾಗಲೂ ಹಾಗೇ' ಎಂದುಕೊಂಡು ಬಿಡುವುದು. ಉಸಿರು ನಿಂತರೆ ಮತ್ತೆ ಬದುಕಿಸುವ ಯತ್ನ ಬೇಡ ಎಂಬ ಆದೇಶದಲ್ಲಿ, ಕಾರಣದ ಜಾಗದಲ್ಲಿ ಬರೀ ಬೌದ್ಧಿಕ ಅಂಗವೈಕಲ್ಯ ಎಂದು ಬರೆದಿದ್ದ ಪ್ರಕರಣಗಳೂ ಸಿಕ್ಕವು. ಯಾವ ಸಮೀಕ್ಷೆಯ ಕಾಲಂನಲ್ಲಿ ಇದು ಬರುತ್ತಿತ್ತು ಹೇಳಿ?

ಕರ್ನಾಟಕದಲ್ಲಿ ಇದನ್ನು ಮಾಡಬಹುದಾ? ಮಾಡಬಹುದು. ತಾಯಿ ಮರಣದ ಪರಿಶೀಲನೆ ನಮ್ಮ ಆರೋಗ್ಯ ಇಲಾಖೆಗೆ ಹಳೆಯ ಅಭ್ಯಾಸ. ಮನೆಯವರ ಜೊತೆ ಕೂತು, ಮೊದಲ ಲಕ್ಷಣ ಕಂಡ ದಿನದಿಂದ ಕೊನೆಯವರೆಗೆ ಏನೇನಾಯಿತು ಎಂದು ಕೇಳುವ ಪದ್ಧತಿಗೆ ವರ್ಬಲ್ ಅಟಾಪ್ಸಿ ಎನ್ನುತ್ತಾರೆ, ವಿಶ್ವ ಆರೋಗ್ಯ ಸಂಸ್ಥೆಯ ಸಿದ್ಧ ಪ್ರಶ್ನಾವಳಿ ಇದೆ. ವೈದ್ಯರಲ್ಲದವರೂ ತರಬೇತಿ ಪಡೆದು ಕೇಳಬಹುದು. ಕಾರಣ ನಿರ್ಧರಿಸುವುದು ಮಾತ್ರ ವೈದ್ಯರ ಕೆಲಸ. ದುಃಖದ ಮನೆಗೆ ತಕ್ಷಣ ಹೋಗಬೇಡಿ. ತಿಥಿ ಕಾರ್ಯಗಳೆಲ್ಲ ಮುಗಿಯಲಿ, ಗುರುತಿನವರೇ ಮೊದಲು ಹೋಗಿ ಕೇಳಲಿ. ತಪ್ಪು ಯಾರದು ಎಂದು ಹುಡುಕುವ ಧಾಟಿ ಬೇಡವೇ ಬೇಡ. ತಾವು ಇನ್ನೂ ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು ಎಂದು ತಾಯಂದಿರು ಮೊದಲೇ ಕೊರಗುತ್ತಿರುತ್ತಾರೆ.

ರಿಜಿಸ್ಟರ್ ಇಲ್ಲದೆ ಈ ದಾರಿ ನಡೆಯುವುದಿಲ್ಲ ಎಂಬುದನ್ನು ಗಮನಿಸಿ. ಸತ್ತವರು ಯಾರು ಎಂದು ತಿಳಿಯಲು ಬದುಕಿದ್ದವರ ಪಟ್ಟಿ ಬೇಕು.

ಎಡಿಎಚ್‌ಡಿ ಯಾಕೆ ಬೇರೆ

ಇಲ್ಲಿ ಸ್ಕ್ರೀನಿಂಗ್ ಫಾರಂ (ಅನುಮಾನ ಇರುವವರನ್ನು ಬೇರ್ಪಡಿಸುವ ಪ್ರಶ್ನಾವಳಿ) ಮತ್ತು ರೋಗನಿರ್ಣಯದ ನಡುವಿನ ಅಂತರ ಬಹಳ ದೊಡ್ಡದು. ಇಂಗ್ಲೆಂಡಿನ 2014ರ ಸಮೀಕ್ಷೆಯಲ್ಲಿ ಆರು ಪ್ರಶ್ನೆಗಳ ಫಾರಂನಲ್ಲಿ ಶೇ. 9.7 ವಯಸ್ಕರು 'ಇರಬಹುದು' ಎಂಬ ಸಾಲಿಗೆ ಬಂದರು. 2023-24ರ ಸುತ್ತಿನಲ್ಲಿ ಅದು ಶೇ. 13.9. ಆದರೆ ತಮಗೆ ಎಡಿಎಚ್‌ಡಿ ಇದೆ ಎಂದು ತಜ್ಞರು ಹೇಳಿದ್ದಾರೆ ಎಂದವರು ಶೇ. 1.8 ಮಾತ್ರ. ಶೇ. 13.9 ಎಂಬುದನ್ನೇ ಹಿಡಿದು 'ಏಳರಲ್ಲಿ ಒಬ್ಬರಿಗೆ ಎಡಿಎಚ್‌ಡಿ' ಎಂದು ಬರೆದರೆ ತಪ್ಪು. ಶೇ. 1.8 ಎಂಬುದನ್ನೇ ಹಿಡಿದರೂ ತಪ್ಪು. ಯಾಕೆಂದರೆ ಪರೀಕ್ಷೆಗೆ ಕಾಯುವವರ ಸಾಲು ಅಷ್ಟುದ್ದ ಇದೆ. 2025ರಲ್ಲಿ ಅಲ್ಲಿನ ಆರೋಗ್ಯ ಸೇವೆ ಇಂಗ್ಲೆಂಡಿನಲ್ಲಿ 25 ಲಕ್ಷ ಜನರಿಗೆ ಎಡಿಎಚ್‌ಡಿ ಇರಬಹುದು ಎಂದಿತು. ಅದು ಎಣಿಸಿದ ಅಂಕಿಯಲ್ಲ. ಮಕ್ಕಳಲ್ಲಿ ಶೇ. 5, ವಯಸ್ಕರಲ್ಲಿ ಶೇ. 3ರಿಂದ 4 ಎಂಬ ಒಪ್ಪಿತ ಪ್ರಮಾಣವನ್ನು ಜನಸಂಖ್ಯೆಗೆ ಗುಣಿಸಿ ತೆಗೆದದ್ದು.

ನಮ್ಮಲ್ಲಿ ಪ್ರಮಾಣಪತ್ರವೂ ಇಲ್ಲದ್ದರಿಂದ, ಎಡಿಎಚ್‌ಡಿಗೆ ತಲೆ ಎಣಿಸುವ ಆಸೆಯನ್ನು ಸದ್ಯಕ್ಕೆ ಬಿಡಿ. ಈಗಾಗಲೇ ಚಿಕಿತ್ಸೆಯಲ್ಲಿರುವವರ ಆರೋಗ್ಯವನ್ನು ಹಿಂಬಾಲಿಸಿ. ಒಂದು ಕ್ಲಿನಿಕ್ ಒಪ್ಪಿದರೂ ಸಾಕು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ತೆಗೆದುಕೊಳ್ಳುವ ಮಕ್ಕಳ ಎತ್ತರ, ತೂಕ, ನಾಡಿ ಬಡಿತ, ಬಿಪಿಯನ್ನು ಆರು ತಿಂಗಳಿಗೊಮ್ಮೆಯಾದರೂ ನೋಡಬೇಕು. ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರ ತೂಕವನ್ನು ಮೂರು ತಿಂಗಳಿಗೊಮ್ಮೆ. ಹಸಿವು, ನಿದ್ದೆ, ಅಪಘಾತ, ಮಾತ್ರೆ ನಿಂತಿದ್ದರೆ ಯಾಕೆ ನಿಂತಿತು ಎಂಬ ಕಾರಣ, ಇವು ಸೇರಿದರೆ ಒಳ್ಳೆಯ ದಾಖಲೆ. ಹುಡುಗಿಯರ ಬಗ್ಗೆ ಒಂದು ಮಾತು: ಸುಮ್ನೆ ಕೂತು ಕಿಟಕಿ ನೋಡುವ ಹುಡುಗಿಯನ್ನು ಶಾಲೆ ವೈದ್ಯರ ಹತ್ತಿರ ಕಳಿಸಿಕೊಡುವುದಿಲ್ಲ, ಬೆಂಚಿನ ಮೇಲೆ ಹತ್ತುವ ಹುಡುಗನನ್ನು ಕಳಿಸುತ್ತದೆ. ಕ್ಲಿನಿಕ್‌ನ ದಾಖಲೆಯಲ್ಲಿ ಈ ಓರೆ ಇದ್ದೇ ಇರುತ್ತದೆ, ವರದಿಯಲ್ಲಿ ಅದನ್ನು ಬರೆಯಿರಿ.

ಉತ್ತರ ಯಾರು ಕೊಡಬೇಕು

ಯಾವ ದಾರಿ ಹಿಡಿದರೂ ಈ ಪ್ರಶ್ನೆ ಬರುತ್ತದೆ. ಅಮ್ಮನನ್ನು ಕೇಳುವುದು ಸುಲಭ. ಆದರೆ ನೋವು, ಬೇಸರ, ಒಂಟಿತನ ಇವುಗಳನ್ನು ಬೇರೆಯವರು ಸರಿಯಾಗಿ ಹೇಳಲಾರರು. ಇಂಗ್ಲೆಂಡಿನಲ್ಲಿ 2003-04ರಲ್ಲೇ ಸುಮಾರು 2,900 ಬೌದ್ಧಿಕ ಅಂಗವೈಕಲ್ಯದ ವಯಸ್ಕರ ಬದುಕಿನ ಬಗ್ಗೆ ಒಂದು ರಾಷ್ಟ್ರೀಯ ಸಮೀಕ್ಷೆ ನಡೆಯಿತು. ಆದಷ್ಟೂ ಅವರನ್ನೇ ಕೂರಿಸಿ ಮಾತನಾಡಿಸಿದರು, ಬೇಕಾದಲ್ಲಿ ಮಾತ್ರ ಜೊತೆಗಿದ್ದವರ ನೆರವು ಪಡೆದರು. ನಾವೂ ಹಾಗೆ ಮಾಡಬಹುದು.

ಕೆಲವು ಎಚ್ಚರ ಬೇಕು. ಎಷ್ಟೋ ಜನ ಎದುರಿಗಿದ್ದವರನ್ನು ಮೆಚ್ಚಿಸಲು ಎಲ್ಲದಕ್ಕೂ 'ಹೂಂ' ಎನ್ನುತ್ತಾರೆ. 'ಹೊಟ್ಟೆ ನೋಯುತ್ತಾ?' ಎಂದು ಕೇಳುವ ಬದಲು ಮನುಷ್ಯನ ಚಿತ್ರ ಕೊಟ್ಟು 'ಎಲ್ಲಿ ನೋಯುತ್ತೆ, ತೋರಿಸು' ಎನ್ನಿ. 'ಕಳೆದ ಆರು ತಿಂಗಳಲ್ಲಿ' ಎನ್ನಬೇಡಿ, 'ಯುಗಾದಿ ಆದ ಮೇಲೆ' ಎನ್ನಿ. ಪರಿಚಯದ ಜಾಗದಲ್ಲಿ, ಅವರು ಊಟ ಮಾಡಿ ಸಮಾಧಾನವಾಗಿರುವ ಹೊತ್ತಿನಲ್ಲಿ ಕೇಳಿ. ಮಾತನಾಡದ ಆಟಿಸಂ ಇರುವವರಲ್ಲಿ ಕೆಲವರು ಟೈಪ್ ಮಾಡುತ್ತಾರೆ, ಚಿತ್ರದ ಕಾರ್ಡ್ ತೋರಿಸುತ್ತಾರೆ. ಆ ಉತ್ತರಕ್ಕೂ ಫಾರಂನಲ್ಲಿ ಜಾಗ ಇರಲಿ. ಅಮ್ಮನ ಉತ್ತರ, ಅವರದೇ ಉತ್ತರ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಎರಡೂ ಹೊಂದದಿದ್ದರೆ ತಿದ್ದಿ ಒಂದು ಮಾಡಬೇಡಿ.

ಒಪ್ಪಿಗೆ, ಕಾಗದ, ಮೊಬೈಲ್

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದ ಒಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು. ಕಾನೂನು ಪಾಲಕರು ಇರುವ ಅಂಗವಿಕಲರಿಗೆ ಆ ಪಾಲಕರ ಒಪ್ಪಿಗೆ ಬೇಕು. 18 ತುಂಬಿದ ಮಗನಿಗೆ ಅಪ್ಪ ಅಮ್ಮ ತಾವಾಗಿಯೇ ಕಾನೂನು ಪಾಲಕರಾಗುವುದಿಲ್ಲ, ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿ ನೇಮಿಸಬೇಕು. ಇದು ಬಹಳ ಪೋಷಕರಿಗೆ ಗೊತ್ತಿಲ್ಲ. ಸಂಶೋಧನೆಯಾದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು, ನೈತಿಕ ಸಮಿತಿಯ ಅನುಮತಿಯೂ ಬೇಕು. ಕಾನೂನು ಏನೇ ಹೇಳಲಿ, ವ್ಯಕ್ತಿ ಮುಖ ತಿರುಗಿಸಿ ಎದ್ದುಹೋದರೆ ಅದು 'ಬೇಡ' ಎಂಬ ಉತ್ತರ.

ನಂಬಿಕೆ ಕಳೆದುಕೊಂಡರೆ ಏನಾಗುತ್ತದೆ ಎಂದು ಇಂಗ್ಲೆಂಡ್ ಎರಡು ಸಲ ನೋಡಿದೆ. ಕ್ಲಿನಿಕ್‌ಗಳ ದಾಖಲೆಗಳನ್ನು ಒಟ್ಟು ಸೇರಿಸುವ ಕೇರ್.ಡೇಟಾ ಯೋಜನೆ ಜನರ ವಿರೋಧದಿಂದ 2014ರಲ್ಲಿ ನಿಂತು, 2016ರಲ್ಲಿ ರದ್ದಾಯಿತು. 2021ರಲ್ಲಿ ಅಂಥದೇ ಇನ್ನೊಂದು ಯೋಜನೆ ಬಂದಾಗ ಒಂದೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ನಮ್ಮ ಮಾಹಿತಿ ಕೊಡಬೇಡಿ ಎಂದು ಹೊರಬಂದರು.

ಕಾಗದವೋ ಮೊಬೈಲೋ? ಐವತ್ತು ಅರವತ್ತು ಜನರ ರಿಜಿಸ್ಟರ್‌ಗೆ ಬೀಗ ಹಾಕುವ ಬೀರು ಮತ್ತು ಒಂದು ದಪ್ಪ ನೋಟ್‌ಬುಕ್ ಸಾಕು. ಅದಕ್ಕಿಂತ ಜಾಸ್ತಿ ಆದರೆ ಸಮೀಕ್ಷೆಯ ಮಾಹಿತಿ ತುಂಬುವ ಕೋಬೋ ಟೂಲ್‌ಬಾಕ್ಸ್ ಎಂಬ ತಂತ್ರಾಂಶ ನೋಡಿ. ನೆಟ್‌ವರ್ಕ್ ಇಲ್ಲದ ಊರಲ್ಲೂ ಆಂಡ್ರಾಯ್ಡ್ ಫೋನಿನಲ್ಲಿ ನಡೆಯುತ್ತದೆ, ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು. ಗೂಗಲ್ ಫಾರಂ ಸುಲಭ ನಿಜ, ಆದರೆ ಅದರ ಲಿಂಕ್ ಮತ್ತು ಎಕ್ಸೆಲ್ ಹಾಳೆ ವಾಟ್ಸಾಪ್ ಗುಂಪಿಗೆ ಬೀಳಲು ಒಂದು ಕ್ಷಣ ಸಾಕು. ಮದುವೆ ವಯಸ್ಸಿನ ತಂಗಿ ಇರುವ ಮನೆಯಲ್ಲಿ ಅಣ್ಣನ ಮಾಹಿತಿ ಹೊರಗೆ ಹೋದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಹೆಸರು ಮತ್ತು ಫೋನ್ ಒಂದು ಕಡೆ, ಆರೋಗ್ಯದ ವಿವರ ಇನ್ನೊಂದು ಕಡೆ ಇಡಿ, ನಡುವೆ ಒಂದು ಸಂಖ್ಯೆ ಮಾತ್ರ. ವರದಿ ಮಾಡುವಾಗ ಯಾವ ಊರಿನ ಸಾಲಿನಲ್ಲಾದರೂ ಐದಕ್ಕಿಂತ ಕಡಿಮೆ ಜನ ಬಂದರೆ ಆ ಅಂಕಿಯನ್ನು ಮುಚ್ಚಿ. 'ಈ ಊರು, ಹುಡುಗಿ, 14 ವರ್ಷ, ಆಟಿಸಂ' ಎಂದರೆ ಹೆಸರು ಬರೆದ ಹಾಗೆಯೇ.

ಕೊನೆಗೆ ಒಂದು ತಯಾರಿ. ಫಿಟ್ಸ್ ಬಗ್ಗೆ ಕೇಳುವ ಮೊದಲು, ಫಿಟ್ಸ್ ಇದೆ ಎಂದರೆ ಎಲ್ಲಿಗೆ ಕಳಿಸುತ್ತೀರಿ ಎಂದು ಬರೆದಿಟ್ಟುಕೊಳ್ಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯದ ಮಂಗಳವಾರ ನಿಮ್ಮಲ್ಲಿ ನಡೆಯುತ್ತಿದೆಯಾ, ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗ ಚಿಕಿತ್ಸೆ ಕೊಡುವ ಕೇಂದ್ರ (ಡಿಇಐಸಿ) ಯಾವ ದಿನ ತೆರೆದಿರುತ್ತದೆ, ಹಲ್ಲಿನ ವೈದ್ಯರಲ್ಲಿ ಯಾರು ತಾಳ್ಮೆಯಿಂದ ನೋಡುತ್ತಾರೆ, ಇದನ್ನೆಲ್ಲ ಮೊದಲ ಮನೆಗೆ ಹೋಗುವ ಮುಂಚೆ ವಿಚಾರಿಸಿ. ಪೋಷಕರ ಮನಸ್ಸಿಗೂ ಆಸರೆ ಬೇಕಾಗಬಹುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಫಾರಂನ ಹಿಂಬದಿಯಲ್ಲಿ ಅಚ್ಚಾಗಿರಲಿ. ಹಾಗೆಯೇ ರಿಜಿಸ್ಟರ್‌ನ ಕೊನೆಯ ಕಾಲಂ 'ಏನು ಮಾಡಿದೆವು, ಯಾವ ದಿನ' ಎಂದು ಇರಲಿ. ಮೂರು ತಿಂಗಳಿಗೊಮ್ಮೆ ಆ ಕಾಲಂ ಖಾಲಿ ಇರುವವರ ಹೆಸರನ್ನು ಮಾತ್ರ ಓದಿ, ಮೊದಲು ಅವರಿಗೆ ಫೋನ್ ಮಾಡಿ.